ಬಿಸಿಲು ಸಾಹುಕಾರ

ಪಾವಗಡದ ಸೋಲಾರ್ ಪಾರ್ಕ್ ನೋಡಿ ಬಂದ ಮೇಲೆ ನನ್ನ ತಲೆ ಕೆಟ್ಟಿತು ಎಂದು ನಮ್ಮ ಮನೆಯವಳ ವಾದ. ಸುಮಾರು 13,000 ಎಕರೆ, 2,050 ಮೆಗಾವ್ಯಾಟ್. ಮಳೆ ನಂಬಿ ಕಡಲೆಕಾಯಿ ಬಿತ್ತಿ ಕೈಸುಟ್ಟುಕೊಂಡಿದ್ದ ರೈತರು ಭೂಮಿ ಮಾರಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಗುತ್ತಿಗೆಗೆ ಕೊಟ್ಟರು. ನಮ್ಮ ತಾರಸಿಯ ಬಿಸಿಲು ಇಷ್ಟು ವರ್ಷ ಬರೀ ಸಂಡಿಗೆ ಒಣಗಿಸಿಕೊಂಡು ಬಿದ್ದಿತ್ತಲ್ಲ ಎಂದು ನನಗೆ ಹೊಟ್ಟೆ ಉರಿಯಿತು.

ತಾರಸಿ ಸೋಲಾರಿನ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ. ಮಿಕ್ಕಿದ್ದಕ್ಕೆ ಎಫ್‌ಡಿ ಮುರಿದೆ. ಸಂಡಿಗೆ ಬೀದಿಗೆ ಬಿತ್ತು.

ಕರೆಂಟು ನನಗೆ ನೆಪ ಅಷ್ಟೆ. ಕಣ್ಣಿದ್ದದ್ದು ಆರ್‌ಇಸಿ ಎಂಬ ಸರ್ಟಿಫಿಕೇಟ್ ಮೇಲೆ. ಸಾವಿರ ಯೂನಿಟ್ ಹಸಿರು ಕರೆಂಟು ತಯಾರಿಸಿದರೆ ಒಂದು ಸರ್ಟಿಫಿಕೇಟ್. ಇಂತಿಷ್ಟು ಹಸಿರು ಕರೆಂಟು ಕೊಳ್ಳಲೇಬೇಕೆಂಬ ಕಟ್ಟಳೆಯಿದ್ದೂ ಕೊಳ್ಳದವರು ಪವರ್ ಎಕ್ಸ್‌ಚೇಂಜ್‌ನಲ್ಲಿ ಅದನ್ನು ಕೊಂಡು ಬಚಾವಾಗುತ್ತಾರೆ. ಅಂದರೆ ಕರೆಂಟನ್ನು ಒಂದು ಕಡೆ ಮಾರು, ಅದರ ಹಸಿರನ್ನು ಇನ್ನೊಂದು ಕಡೆ ಮಾರು! 2011ರಲ್ಲಿ ವಹಿವಾಟು ಶುರುವಾದಾಗ ಸೋಲಾರ್ ಸರ್ಟಿಫಿಕೇಟಿಗೆ 12,000ಕ್ಕಿಂತ ಕಡಿಮೆ ಕೇಳುವ ಹಾಗೇ ಇರಲಿಲ್ಲ. ನನ್ನ ತಾರಸಿ ವರ್ಷಕ್ಕೆ ನಾಲ್ಕಾದರೂ ಹೆರುತ್ತದೆ. ಭಾವಮೈದುನನಿಗೆ ಹಾಲಿನ ಕವರಿನ ಹಿಂದೆ ಲೆಕ್ಕ ಬರೆದು ತೋರಿಸಿದೆ: 48,000. ಅವನು, "ಭಾವ, ಈ ರೇಟು ಯಾವ ವರ್ಷದ್ದು?" ಅಂದ. ಅಸೂಯೆ ಎಂದುಕೊಂಡೆ.

ವಿದ್ಯುತ್ ಕಚೇರಿಯ ಇಂಜಿನಿಯರು ನನ್ನ ಅಹವಾಲನ್ನು ಪೂರ್ತಿ ಕೇಳಿ ಪೆನ್ನಿನ ಕ್ಯಾಪು ಮುಚ್ಚಿದರು.

"ಸಾರ್, 2022ರ ನಿಯಮದಲ್ಲಿ ಕನಿಷ್ಠ ದರಾನೇ ತೆಗೆದುಹಾಕಿದ್ರು. ಈಗ ಅದು ಕೆಲವು ನೂರು ರೂಪಾಯಿ."

"ಪರವಾಗಿಲ್ಲ, ಅಷ್ಟೇ ಕೊಡಿ."

"ನಿಮಗೆ ಬರಲ್ಲ. ನೀವು ನೆಟ್ ಮೀಟರ್ ಹಾಕಿಸಿಕೊಂಡಿದ್ದೀರಿ. ನಿಮ್ಮ ತಾರಸಿ ಹಸಿರು ನಮ್ಮ ಕಂಪನಿ ಕೋಟಾಕ್ಕೆ ಜಮಾ ಆಗುತ್ತೆ."

ಪೂಜೆ ನಮ್ಮ ಮನೆಯಲ್ಲಿ, ಹೂವು ಹಣ್ಣು ನನ್ನ ಖರ್ಚು, ಸಂಕಲ್ಪದ ಹೊತ್ತಿಗೆ ಗೋತ್ರ ಕಂಪನಿಯದು! ಮನೆಯಲ್ಲಿ ಮಾತ್ರ "ಫೈಲು ಮೂವ್ ಆಗಿದೆ" ಎಂದೆ. ಅದೂ ಸುಳ್ಳಲ್ಲ; ಅವರು ಅದನ್ನು ಮೇಜಿನ ಆ ತುದಿಯಿಂದ ಈ ತುದಿಗೆ ಸರಿಸಿದ್ದರು.

ಮೇ ತಿಂಗಳ ನಡುಮಧ್ಯಾಹ್ನ, ಬೀದಿಯ ಟ್ರಾನ್ಸ್‌ಫಾರ್ಮರ್ ಢಬ್ಬೆಂದಿತು. ಮಾನ ಉಳಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಮುಹೂರ್ತ ಬೇಕೆ? ಪಕ್ಕದ ಮನೆಯ ರಾಯರನ್ನು "ಬನ್ನಿ, ನಮ್ಮನೆ ಫ್ಯಾನಿನ ಕೆಳಗೆ ಕೂತ್ಕೊಳಿ" ಎಂದು ಕಾಂಪೌಂಡ್ ಮೇಲಿಂದಲೇ ಕರೆದೆ. ಅವರು ಪೇಪರು ಕನ್ನಡಕ ಸಮೇತ ಬಂದು ಕೂತರು. ಫ್ಯಾನು ಮಿಸುಕಲಿಲ್ಲ. ರಾಯರು ಪೇಪರನ್ನು ನಾಲ್ಕು ಮಡಿಕೆ ಮಾಡಿ ತಮಗೂ ನನಗೂ ಬೀಸತೊಡಗಿದರು. ಬರಿಗಾಲಲ್ಲಿ ತಾರಸಿಗೆ ಓಡಿದೆ. ಅಂಗಾಲು ಸುಡುವಷ್ಟು ಬಿಸಿಲು, ಪ್ಯಾನೆಲ್ಲುಗಳು ಥಳಥಳ. ಇನ್ವರ್ಟರಿನಲ್ಲಿ ಮಾತ್ರ ಕೆಂಪು ದೀಪ.

ಎದುರಿನ ಕಂಬದ ಮೇಲಿದ್ದ ಲೈನ್‌ಮನ್ ಅಲ್ಲಿಂದಲೇ ಕೂಗಿದ: "ಲೈನಲ್ಲಿ ಕರೆಂಟ್ ಹೋದ್ರೆ ನಿಮ್ ಪೆಟ್ಟಿಗೆ ತಾನೇ ಆಫ್ ಆಗ್ಬೇಕು ಸಾರ್! ಇಲ್ದಿದ್ರೆ ನಿಮ್ಮನೆ ಕರೆಂಟು ವಾಪಸ್ ಬಂದು ನಾನು ಇಲ್ಲೇ ಅಂಟ್ಕೋತೀನಿ. ಬ್ಯಾಟರಿ, ಹೈಬ್ರಿಡ್ ಇನ್ವರ್ಟರ್ ಹಾಕ್ಸಿ!"

ಕೆಲಸ ಮುಗಿಸಿ ಬಂದವನಿಗೆ ಮಜ್ಜಿಗೆ ಕೊಟ್ಟು ಕೂರಿಸಿಕೊಂಡೆ. ಲಿಥಿಯಂ ಬ್ಯಾಟರಿ, ಸೋಡಿಯಂ ಬ್ಯಾಟರಿ, ಸಂಜೆ ಪೀಕ್ ಹೊತ್ತಿಗೆ ಕರೆಂಟು ಹಿಡಿದಿಟ್ಟು ಮಾರುವ ನನ್ನ ಹೊಸ ಯೋಜನೆ, ಎಲ್ಲ ವಿವರಿಸಿದೆ. ರಾಯರು ಬೀಸುವುದನ್ನು ನಿಲ್ಲಿಸಿದರು. ಅವನು ಲೋಟ ಕೆಳಗಿಟ್ಟು ಕೇಳಿದ: "ಅದೆಲ್ಲ ಸರಿ ಸಾರ್, ಇದನ್ನ ಹಾಕ್ಸೋಕ್ಕೆ ಮುಂಚೆ ತಿಂಗಳಿಗೆ ಎಷ್ಟು ಬರ್ತಿತ್ತು ಬಿಲ್ಲು?"

ನಾನು ಸೋಡಿಯಂ ಬಗ್ಗೆ ಇನ್ನಷ್ಟು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅಡುಗೆಮನೆಯಿಂದ ಉತ್ತರ ಬಂತು: "ಗೃಹಜ್ಯೋತಿ ಫ್ರೀ ಕರೆಂಟು ಬಂದಾಗಿನಿಂದ ಸೊನ್ನೆ ಕಣಪ್ಪ!"