ಪತ್ರಾದ ಕೆಳಗೊಂದು ಜಿಮ್

ಆಳಂದ ತಾಲೂಕಿನ ನಮ್ಮ ನಿಂಬರ್ಗಾದಲ್ಲಿ ಮೇ ತಿಂಗಳಿಗೆ ಬೆವರು ಸುರಿಸಲು ಮಷಿನ್ ಬೇಕಿಲ್ಲ. ಮಧ್ಯಾಹ್ನ ಎರಡಕ್ಕೆ ಒಂದು ಕೊಡ ನೀರು ತಂದರೆ ಸಾಕು. ಬಿಸಿಲು 42, 43 ಡಿಗ್ರಿ ಮುಟ್ಟುವ ಸೀಮೆ ಇದು. ಸರ್ಕಾರವೇ ಸೋತು ಕಲಬುರಗಿ ವಿಭಾಗದ ಕಚೇರಿಗಳನ್ನು ಬೇಸಿಗೆಯಲ್ಲಿ ಬೆಳಿಗ್ಗೆ 8ಕ್ಕೆ ತೆರೆಸಿ 1.30ಕ್ಕೆ ಮುಚ್ಚಿಸುತ್ತದೆ. ಆದರೂ ನನ್ನ ತಮ್ಮನ ಮಗ ನಮ್ಮ ಹಳೆಯ ಮಾಳಿಗೆಯ ಮೇಲೆ, ಪತ್ರಾ ಅಂದರೆ ತಗಡಿನ ಶೆಡ್ಡಿನೊಳಗೆ ಜಿಮ್ ಹೂಡಿದ.

ಪತ್ರಾಕ್ಕೆ ತನ್ನದೆಂಬ ಸ್ವಭಾವವಿಲ್ಲ, ಆಕಾಶ ಹೇಳಿದ್ದಕ್ಕೆಲ್ಲ ತಲೆದೂಗುತ್ತದೆ. ಚಳಿಗಾಲದ ನಸುಕಿನಲ್ಲಿ ಹುಡುಗ ಕಂಬಳಿ ಹೊದ್ದು ಟ್ರೆಡ್‌ಮಿಲ್ ಹತ್ತುತ್ತಿದ್ದ. ಬೇಸಿಗೆಯ ಹತ್ತು ಗಂಟೆಗೆ ಡಂಬೆಲ್ಸ್ ಹಿಡಿಯಲು ಅಡುಗೆಮನೆಯಿಂದ ಹಂಚು ಇಳಿಸುವ ಅರಿವೆ ಒಯ್ಯುತ್ತಿದ್ದ.

ಪುಣೆಯಲ್ಲಿ ಎಸಿ ಕೆಲಸ ಮಾಡುವ ನನ್ನ ಅಳಿಯ ಫೋನಿನಲ್ಲೇ ಉಪಾಯ ಹೇಳಿದ. ಇಡೀ ಮನೆಗೆ ಒಂದೇ ಹವೆ ಬಿಡುವುದು ದಂಡ. ಮನೆಯನ್ನು ಝೋನ್‌ಗಳಾಗಿ ಹಂಚಬೇಕು. ಗಾಳಿಯ ಕೊಳವೆಗಳಲ್ಲಿ ಡ್ಯಾಂಪರ್ ಎಂಬ ಮುಚ್ಚಳ, ಕೋಣೆಗೊಂದು ಥರ್ಮೋಸ್ಟಾಟ್. ಸುಮ್ಮನೆ ಕೂತವನ ಮೈಯಿಂದ 100 ವ್ಯಾಟ್‌ನಷ್ಟು ಕಾವು ಹೊರಬಿದ್ದರೆ, ಓಡುವವನಿಂದ ಅದರ ನಾಲ್ಕೈದು ಪಟ್ಟು, ಮೋಟಾರಿನದು ಬೇರೆ. ಹಾಗಾಗಿ ಜಿಮ್ಮಿಗೇ ಒಂದೂವರೆ ಟನ್ ಬೇಕಂತೆ.

"ಒಂದೂವರಿ ಟನ್ನೇ? ಮಾಳಿಗಿ ಜಂತಿ ಏನಾಗಬೇಕೋ!" ಅಂದಳು ನಮ್ಮವ್ವ. ಟನ್ ಎಂದರೆ ತೂಕವಲ್ಲ, ಒಂದು ಟನ್ ಮಂಜುಗಡ್ಡೆಯನ್ನು 24 ತಾಸಿನಲ್ಲಿ ಕರಗಿಸುವಷ್ಟು ಕಾವನ್ನು ಹೊರಗೆಳೆಯುವ ತಾಕತ್ತು ಎಂದು ಬಿಡಿಸಿ ಹೇಳಿದೆವು. ಅವಳಿಗೆ ಮಂಜುಗಡ್ಡೆ ಕರಗಿದ ನೀರು ಮಾಳಿಗೆ ಮೇಲೆ ಎಲ್ಲಿ ಹರಿಯುತ್ತದೆ ಎಂಬ ಹೊಸ ಚಿಂತೆ ಹತ್ತಿತು.

ಅವ್ವನ ಮನೆಯಲ್ಲಿ ಝೋನ್‌ಗಳು ಮೊದಲಿನಿಂದಲೂ ಇವೆ. ಅಲ್ಲಿ ಗಾಳಿಯನ್ನು ತಿರುಗಿಸುವುದಿಲ್ಲ, ಮಂದಿಯನ್ನು ತಿರುಗಿಸುತ್ತಾರೆ. ಬೆಳಿಗ್ಗೆ ಕಟ್ಟೆ, ಮಧ್ಯಾಹ್ನ ದಪ್ಪ ಗೋಡೆಯ ಒಳಕೋಣೆಯಲ್ಲಿ ಶಹಾಬಾದ್ ಫರ್ಸಿಯ ಮೇಲೆ ಬರೀ ಮೈ, ರಾತ್ರಿ ನೀರು ಚಿಮುಕಿಸಿದ ಮಾಳಿಗೆ, ಚಳಿಗಾಲದಲ್ಲಿ ಬಚ್ಚಲ ಹಂಡೆಯ ಒಲೆ. ತಾಲೀಮು ಮನೆಗಳನ್ನು ಕಟ್ಟಿದವರೂ ಇದೇ ಪಂಥದವರು: ದಪ್ಪ ಗೋಡೆ, ತಲೆ ಬಗ್ಗಿಸಿ ಹೋಗುವ ಬಾಗಿಲು, ಒಳಗೆ ತಂಪು ಕೆಮ್ಮಣ್ಣು. ಪೈಲ್ವಾನರು ಬಿಸಿಲನ್ನು ಎದುರಿಸುವ ಶೌರ್ಯಕ್ಕೆ ಹೋಗದೆ ಕೋಳಿ ಕೂಗುವ ಹೊತ್ತಿಗೇ ದಂಡ, ಬೈಠಕ್ ಮುಗಿಸುತ್ತಿದ್ದರು.

ಕಡೆಗೆ ಜಿಮ್ಮನ್ನು ಕೆಳಗಿಳಿಸಿದ್ದು ಎಸಿಯೂ ಅಲ್ಲ, ಅಳಿಯನೂ ಅಲ್ಲ. ಹುಡುಗ ಮೇಲೆ ಓಡಿದಾಗಲೆಲ್ಲ ಜಂತಿಯ ಸಂದಿಯಿಂದ ರೊಟ್ಟಿ ಹಿಟ್ಟಿಗೆ ಮಣ್ಣು ಉದುರುತ್ತಿತ್ತು. ನನ್ನ ಹೆಂಡತಿ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟಳು. ಈಗ ಟ್ರೆಡ್‌ಮಿಲ್ಲು ಒಳಕೋಣೆಯಲ್ಲಿ ಜೋಳದ ಚೀಲಗಳ ಪಕ್ಕ ನಿಂತಿದೆ. ಕಿಟಕಿಗೆ ಕೂಲರ್ ಬಂದಿದೆ. ನಮ್ಮ ಒಣ ಬೇಸಿಗೆಯಲ್ಲಿ ನೀರು ಬೇಗ ಆರುವುದರಿಂದ ಅದು ಚೆನ್ನಾಗಿಯೇ ತಂಪು ಕೊಡುತ್ತದೆ. ಮಳೆಗಾಲದಲ್ಲಿ ಮಾತ್ರ ಹಸಿ ಅರಿವೆ ಸುತ್ತಿಕೊಂಡಂತೆ.

ಕೂಲರಿನ ನೇರಕ್ಕೆ ಅವ್ವ ಬೇಳೆ ಹಸನು ಮಾಡುತ್ತ ಕೂಡುತ್ತಾಳೆ. ಅವಳನ್ನು ದಾಟಿ ಉಳಿದ ಗಾಳಿ ಓಡುವವನಿಗೆ. ಮೊನ್ನೆ ಅಳಿಯ ಫೋನಿನಲ್ಲಿ ಝೋನ್ ವಿಷಯ ಎತ್ತಿದಾಗ ಅವಳೇ ಇಸಕೊಂಡು ಹೇಳಿದಳು: "ಆಗ್ಯಾವಪಾ ತಮ್ಮಾ, ಎರಡು ಝೋನ್ ಆಗ್ಯಾವ. ತಂಪಂದು ನಂದು, ಬೆವರಂದು ಅವಂದು."