ಅಂಬಿಗನ ತಪ್ಪೇನು?

ಇದೆಲ್ಲ ಶುರುವಾದದ್ದು ಸತ್ಯನಾರಾಯಣ ಪೂಜೆಯಿಂದ. ಕಲಾವತಿ ಪ್ರಸಾದ ತಿನ್ನದೆ ಗಂಡನನ್ನು ನೋಡಲು ಓಡಿದಳು, ಗಂಡನ ಸಮೇತ ಹಡಗು ಮುಳುಗಿತು ಎನ್ನುವಲ್ಲಿಗೆ ಪುರೋಹಿತರು ಬಂದಿದ್ದರು. ಆರು ವರ್ಷದ ನಮ್ಮ ಪುಟ್ಟಿ ಎದ್ದು ನಿಂತು, "ಪ್ರಸಾದ ಬಿಟ್ಟಿದ್ದು ಕಲಾವತಿ. ಹಡಗಲ್ಲಿದ್ದ ಅಂಬಿಗ ಏನು ತಪ್ಪು ಮಾಡಿದ್ದ?" ಎಂದಳು. ಪುರೋಹಿತರು ಉದ್ಧರಣೆಯನ್ನು ಬೆರಳಲ್ಲೇ ಎರಡು ಸಲ ತಿರುಗಿಸಿದರು. "ಮಂಗಳಾರತಿ ಆಗ್ಲಿ ಮಗು" ಎಂದು ಉಳಿದ ಕಥೆಯನ್ನು ಒಂದೇ ಉಸಿರಿನಲ್ಲಿ ಮುಗಿಸಿದರು.

ಸಜ್ಜಿಗೆ ಹಂಚುವಾಗಲೇ ನಾದಿನಿ ಹಿಡಿದುಕೊಂಡಳು. "ಭಾವ, ಇದು ಸಾಮಾನ್ಯದ ಮಗು ಅಲ್ಲ. ಐಕ್ಯೂ ಟೆಸ್ಟ್ ಮಾಡಿಸಿ. ನಮ್ಮ ಅಪಾರ್ಟ್‌ಮೆಂಟಲ್ಲಿ ಒಬ್ಬರ ಮಗಂದು ನೂರ ಮೂವತ್ತೆರಡು!"

ನನಗೆ ಗೊತ್ತಿರುವ ನೂರ ಮೂವತ್ತೆರಡು ಅಂದರೆ ನನ್ನ ಖಾಲಿ ಹೊಟ್ಟೆಯ ಶುಗರು. ಅದಕ್ಕೆ ಯಾರೂ ಅಭಿನಂದಿಸಿರಲಿಲ್ಲ. ಆಗಲೂ ಹೆಂಡತಿ ಬಂದು ನನ್ನ ದೊನ್ನೆಯ ಸಜ್ಜಿಗೆಯಲ್ಲಿ ಅರ್ಧ ತೆಗೆದುಕೊಂಡು ಹೋದಳು.

ಆ ರಾತ್ರಿ ಓದಲು ಕೂತೆ. ಪ್ಯಾರಿಸ್ಸಿನ ಆಲ್ಫ್ರೆಡ್ ಬಿನೆ ಮತ್ತು ಸಿಮೋನ್ 1905ರಲ್ಲಿ ಈ ಪರೀಕ್ಷೆ ಮಾಡಿದ್ದು ಜಾಣರನ್ನು ಹುಡುಕಲಿಕ್ಕಲ್ಲವಂತೆ. ತರಗತಿಯಲ್ಲಿ ಹಿಂದೆ ಬೀಳುವ ಮಕ್ಕಳನ್ನು ಗುರುತಿಸಿ ನೆರವಾಗಲಿಕ್ಕೆ. ನಡೆಯಲಾರದವರಿಗೆಂದು ಮಾಡಿದ ಊರುಗೋಲನ್ನು ನಾವು ಓಟ ಗೆದ್ದವರ ಕೈಗೆ ಕೊಟ್ಟು ಫೋಟೋ ತೆಗೆಯುತ್ತಿದ್ದೇವೆ. 1930ರ ದಶಕದಲ್ಲಿ ವಿ. ವಿ. ಕಾಮತರು ಅದನ್ನು ಕನ್ನಡ, ಮರಾಠಿ ಮಕ್ಕಳಿಗೆ ಒಗ್ಗಿಸಿದರು. ಬಿನೆ–ಕಾಮತ್ ಪರೀಕ್ಷೆ ಎಂಬ ಹೆಸರು ಈಗಲೂ ಬಳಕೆಯಲ್ಲಿದೆ. ಸರಾಸರಿ 100, 130 ದಾಟುವವರು ನೂರಕ್ಕೆ ಸುಮಾರು ಇಬ್ಬರು. ನಾದಿನಿಯ ಅಪಾರ್ಟ್‌ಮೆಂಟಿನಲ್ಲಿ ಮಾತ್ರ ಆ ಇಬ್ಬರು ಮಹಡಿಗೊಂದು ಜೋಡಿಯಂತೆ ಸಿಗುತ್ತಾರೆ. ಅಲ್ಲಿ 108 ಬಂದರೆ ಅಷ್ಟೋತ್ತರ ಎಂದು ಸಂಭ್ರಮಿಸುವ ಹಾಗಿಲ್ಲ, ಬಾಗಿಲು ಹಾಕಿಕೊಳ್ಳಬೇಕು.

ಇನ್ನೊಂದು ಸಂಗತಿ ಓದಿ ನಿದ್ದೆಯೇ ಹೋಯಿತು. ಅಮೆರಿಕದ ಟರ್ಮನ್ 1921ರಲ್ಲಿ ಕ್ಯಾಲಿಫೋರ್ನಿಯಾದ ಜಾಣ ಮಕ್ಕಳನ್ನು ಪರೀಕ್ಷೆ ಮಾಡಿ ಆರಿಸತೊಡಗಿದ. ಅಂಕ ಸಾಲದೆ ಹೊರಗುಳಿದವರಲ್ಲಿ ಶಾಕ್ಲಿ, ಆಲ್ವಾರೆಜ್ ಎಂಬ ಇಬ್ಬರು ಹುಡುಗರಿದ್ದರು. ಮುಂದೆ ಇಬ್ಬರಿಗೂ ಭೌತಶಾಸ್ತ್ರದ ನೊಬೆಲ್ ಬಂತು. ಆರಿಸಿಕೊಂಡವರಲ್ಲಿ ಒಬ್ಬರಿಗೂ ಬರಲಿಲ್ಲ.

ಅಂಕಿಗಳನ್ನು ಹಿಂದುಮುಂದಾಗಿ ಹೇಳಿಸುವುದೂ ಇಂಥ ಪರೀಕ್ಷೆಗಳಲ್ಲಿ ಉಂಟು. ಅದನ್ನೊಂದು ಮನೆಯಲ್ಲೇ ನೋಡೋಣವೆಂದು ಪುಟ್ಟಿಯನ್ನು ಕೂರಿಸಿಕೊಂಡೆ. ಐದು ಅಂಕಿ ಸಲೀಸಾಗಿ ತಿರುಗಿಸಿ ಹೇಳಿದಳು. "ಈಗ ನೀನು" ಎಂದಳು. ಬಂದ ಓಟಿಪಿಯನ್ನು ನೆಟ್ಟಗೆ ಹೊಡೆಯಲು ಮೂರು ಸಲ ಇಣುಕುವವನು ನಾನು, ನಾಲ್ಕಕ್ಕೇ ಕೈಚೆಲ್ಲಿದೆ. ಅವಳು ಸ್ಲೇಟಿನಲ್ಲಿ 'ಅಪ್ಪ 3' ಎಂದು ಬರೆದು, ದೇವರ ಗೂಡಿನ ಪಕ್ಕ ಎಲ್ಲರಿಗೂ ಕಾಣುವಂತೆ ಒರಗಿಸಿಟ್ಟಳು. ಸಂಜೆ ಹಾಲು ಕೊಡಲು ಬಂದವನೂ ಓದಿದ. ಮಾರನೆಯ ದಿನ ಅವಳೇ ಒರೆಸುವವರೆಗೂ ಆ ಕಡೆ ಕೈಮುಗಿಯಲು ನಾನು ಹೋಗಲಿಲ್ಲ.

ಆದರೂ ಚಪಲ ಬಿಡಬೇಕಲ್ಲ! ಪರೀಕ್ಷೆ ಮಾಡುವ ಮೇಡಂ ಒಬ್ಬರಿಗೆ ಫೋನ್ ಮಾಡಿದೆ. "ಓದು ಬರಹದಲ್ಲಿ ತೊಂದರೆ ಇದೆಯಾ? ಕ್ಲಾಸಲ್ಲಿ ಬೇಜಾರು, ಗಲಾಟೆ?" ಎಂದು ಕೇಳಿದರು. ಇಲ್ಲ ಎಂದೆ.

"ಮತ್ತೆ ಯಾಕೆ ಸರ್?"

"ಸುಮ್ಮನೆ, ಗೊತ್ತಿರಲಿ ಅಂತ."

"ಗೊತ್ತಾದ ಮೇಲೆ ಏನು ಮಾಡ್ತೀರಿ?"

ನಾದಿನಿಗೆ ಫೋನ್ ಮಾಡುತ್ತೇನೆ ಎನ್ನುವುದು ಬಾಯಿತುದಿಗೆ ಬಂದಿತ್ತು. ನುಂಗಿಕೊಂಡೆ.

ಹೂಬತ್ತಿ ಹೊಸೆಯುತ್ತ ಇದನ್ನೆಲ್ಲ ಕೇಳಿಸಿಕೊಂಡ ನಮ್ಮಮ್ಮ, "ಚಿನ್ನಾನ ಒರೆಗೆ ಹಚ್ಚೋದು ಮಾರೋವಾಗ, ಇಲ್ಲಾಂದ್ರೆ ಅಡ ಇಡೋವಾಗ. ನೀನು ಯಾವುದಕ್ಕೋ ಹೊರಟಿರೋದು?" ಎಂದರು.

ಪರೀಕ್ಷೆ ಮಾಡಿಸಲಿಲ್ಲ. ಮೇಡಂ ನಂಬರು ಅಳಿಸಿಯೂ ಇಲ್ಲ. ಮುಂದೆ ಅವಳಿಗೆ ಶಾಲೆಯಲ್ಲಿ ನಿಜವಾಗಿ ತೊಡಕಾದರೆ ಬೇಕಾದೀತು. ಸದ್ಯದ ತೊಡಕು ಬೇರೆ. ಬರುವ ಹುಣ್ಣಿಮೆಗೆ ಪುರೋಹಿತರು ಮತ್ತೆ ಬರುವವರಿದ್ದಾರೆ, ಪುಟ್ಟಿ ಈಗಿನಿಂದಲೇ ದಿನ ಎಣಿಸುತ್ತಿದ್ದಾಳೆ. ಆ ಅಂಬಿಗನ ತಪ್ಪೇನೆಂದು ನಿಮ್ಮಲ್ಲಿ ಯಾರಿಗಾದರೂ ಗೊತ್ತಿದ್ದರೆ ಅಷ್ಟರೊಳಗೆ ದಯವಿಟ್ಟು ತಿಳಿಸಿ.