ಗುಡಾರಮೀಮಾಂಸೆ

ಗುಡಾರ ಎಂದರೇನು ಎಂಬಲ್ಲಿ ಆಚಾರ್ಯರಿಗೆ ಭಿನ್ನಮತವಿಲ್ಲ. ಅದು ಎಷ್ಟು ಜನರದ್ದು ಎಂಬಲ್ಲೇ ಜಗಳ. ಚೀಲದ ಮೇಲೆ ‘4 ಪರ್ಸನ್’ ಎಂದು ಅಚ್ಚಾಗಿರುವುದು ಶ್ರುತಿ; ಒಳಗೆ ಮಲಗಿ ಎದ್ದವರ ಹೇಳಿಕೆ ಸ್ಮೃತಿ. ಇವೆರಡಕ್ಕೆ ವಿರೋಧ ಬಂದರೆ ಶ್ರುತಿಯೇ ಪ್ರಮಾಣ ಎಂಬುದು ಮಿಕ್ಕ ಶಾಸ್ತ್ರಗಳ ನಿಯಮ. ಗುಡಾರಶಾಸ್ತ್ರದಲ್ಲಿ ಉಲ್ಟಾ.

ಪೂರ್ವಪಕ್ಷ ಅಂಗಡಿಯವರದು. ಗಂಡ, ಹೆಂಡತಿ, ಎರಡು ಮಕ್ಕಳು. ಆದ್ದರಿಂದ ನಾಲ್ಕರ ಗುಡಾರ. ಖಂಡನೆ: 7 ಅಡಿ ಅಗಲವನ್ನು ನಾಲ್ವರಿಗೆ ಹಂಚಿದರೆ ತಲೆಗೆ 21 ಅಂಗುಲ. ಮನೆಯ ಸಿಂಗಲ್ ಮಂಚವೇ 36 ಅಂಗುಲ. ಈ 21ರಲ್ಲಿ ಬ್ಯಾಗು, ಚಪ್ಪಲಿ, ನೀರಿನ ಕ್ಯಾನು ಯಾವುದಕ್ಕೂ ಪಾಲಿಲ್ಲ. ನಿದ್ದೆಯಲ್ಲಿ ಗಡಿಯಾರದ ಮುಳ್ಳಿನಂತೆ ಸುತ್ತುವ ಐದು ವರ್ಷದ ಮಗುವನ್ನಂತೂ ತಯಾರಕರು ಲೆಕ್ಕಕ್ಕೇ ಹಿಡಿದಿಲ್ಲ. ಆದಕಾರಣ ಸಿದ್ಧಾಂತ: ತಲೆ ಎಣಿಸಿ, ಎರಡು ಕೂಡಿಸಿ, ಆಮೇಲೆ ದುಡ್ಡು ಕೊಡತಕ್ಕದ್ದು. ಮಂಡಿನೋವಿನ ಅಜ್ಜಿ ಹೊರಟರೆ ಗುಡಾರ ಬಿಟ್ಟು ಹೋಂಸ್ಟೇ ಹುಡುಕತಕ್ಕದ್ದು. ಇದು ಅಪವಾದಸೂತ್ರ.

ಇನ್ನು ಜಲಪ್ರಕರಣ. ಬಟ್ಟೆಯ ಮೇಲೆ ‘3000 ಮಿ.ಮೀ.’ ಎಂದಿರುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ.ಗೂ ಮಿಕ್ಕಿ ಮಳೆ. ಹಾಗಾದರೆ ಜುಲೈ ಮುಗಿಯುವುದರೊಳಗೆ ಈ ಗುಡಾರದ ಶಕ್ತಿ ತೀರಿಹೋಗಬೇಕಲ್ಲ ಎಂಬುದು ಮಾವನವರ ಆಕ್ಷೇಪ. ಸಮಾಧಾನ: ಆ ಅಂಕಿ ಮಳೆಯದ್ದಲ್ಲ. ಬಟ್ಟೆಯ ಮೇಲೆ ನೀರಿನ ಕಂಬ ನಿಲ್ಲಿಸಿದರೆ 3 ಮೀಟರ್ ಎತ್ತರದವರೆಗೂ ಜಿನುಗದೆ ತಡೆದೀತು ಎಂದರ್ಥ. ಮಾವನವರು ಒಪ್ಪಲಿಲ್ಲ, ಛತ್ರಿಯನ್ನು ಪಕ್ಕದಲ್ಲೇ ಇಟ್ಟುಕೊಂಡು ಮಲಗಿದರು. ಬೆಳಿಗ್ಗೆ ಒಳಮೈಯೆಲ್ಲ ಹನಿಗಟ್ಟಿದ್ದನ್ನು ಕಂಡು ತಮ್ಮ ಪಕ್ಷವೇ ಗೆದ್ದಿತೆಂದರು. ಅಷ್ಟೂ ಜನರ ಉಸಿರಿನ ಹಬೆ ತಣ್ಣನೆಯ ಬಟ್ಟೆಗೆ ತಾಗಿ ನೀರಾದದ್ದು ಅದು. ಚಳಿಗೆಂದು ಗಾಳಿಕಿಂಡಿಗಳನ್ನು ಮುಚ್ಚಿಸಿದವರು ಯಾರೆಂಬುದನ್ನು ಭಾಷ್ಯಕಾರರು ಸಂಬಂಧದ ಮರ್ಯಾದೆಗಾಗಿ ಬರೆದಿಲ್ಲ.

ಅಡಿಗೆ ಹಾಸುವ ಟಾರ್ಪಾಲು ಗುಡಾರಕ್ಕಿಂತ ನಾಲ್ಕು ಬೆರಳು ಚಿಕ್ಕದಿರಬೇಕು. ಇರಲಿ ಎಂದು ದೊಡ್ಡದು ಹಾಸಿದರೆ, ಹೊರಚಾಚಿದ ಅಂಚು ಮಳೆನೀರನ್ನು ಹಿಡಿದು ನೇರ ಬೆನ್ನಡಿಗೆ ತಲುಪಿಸುತ್ತದೆ.

ಸಾಮಾನು ಕಟ್ಟುವಲ್ಲಿ ಶಾಸ್ತ್ರ ಎರಡು ಶಾಖೆಯಾಗಿ ಒಡೆದಿದೆ. ಆಯುಧಶಾಖೆಯವರು ದಿಕ್ಸೂಚಿ, ಹಗ್ಗ, ಕತ್ತರಿಯಿಂದ ಹಲ್ಲುಕಡ್ಡಿಯವರೆಗೆ ಎಲ್ಲ ಬಿಚ್ಚಿಕೊಳ್ಳುವ ಚಾಕು ತರುತ್ತಾರೆ. ಗೂಟ ಹೊಡೆಯುವ ಸುತ್ತಿಗೆ ಮರೆಯುತ್ತಾರೆ. ಅನ್ನಶಾಖೆಯವರು ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಕೋಡುಬಳೆ, ಶುಂಠಿ ಜಜ್ಜುವ ಕುಟ್ಟಾಣಿ ಸಮೇತ ಬರುತ್ತಾರೆ; ಉಪ್ಪು ಮರೆಯುತ್ತಾರೆ. ಮಲೆನಾಡಿನ ಇಂಬಳ ಕಾಲಿಗೆ ಹತ್ತಿದಾಗಲೇ ಆ ಲೋಪ ಬಯಲಾಗುವುದು. ಗೂಟಗಳು ಕಡೆಗೆ ನೆಲಕ್ಕಿಳಿದದ್ದು ಕುಟ್ಟಾಣಿಯ ಏಟಿಗೆ ಎಂಬುದನ್ನು ಆಯುಧಶಾಖೆಯ ಗ್ರಂಥಗಳು ಮರೆಮಾಚಿವೆ.

ಟಾರ್ಚಿನದು ಅನ್ಯೋನ್ಯಾಶ್ರಯ ದೋಷ. ಅದು ಬ್ಯಾಗಿನ ತಳದಲ್ಲಿದೆ. ಹುಡುಕಲು ಟಾರ್ಚು ಬೇಕು. ಪರಿಹಾರ: ಮೊದಲು ಬೇಕಾದದ್ದನ್ನು ಕೊನೆಗೆ ತುಂಬುವುದು. ಇದನ್ನು ಎಲ್ಲ ಪಂಥಗಳೂ ಒಪ್ಪುತ್ತವೆ, ಯಾವ ಪಂಥವೂ ಪಾಲಿಸುವುದಿಲ್ಲ.

ಹೊದಿಕೆಯ ವಿಷಯದಲ್ಲಿ ಒಂದೇ ಮಾತು. ಮೈಯ ಬಿಸಿಯನ್ನು ನೆಲ ಎಳೆದುಕೊಳ್ಳುವಷ್ಟು ಗುಡಾರದೊಳಗಿನ ಗಾಳಿ ಎಳೆಯದು. ಎರಡು ರಗ್ಗಿದ್ದರೆ ಒಂದನ್ನು ಕೆಳಗೆ ಹಾಸಬೇಕು; ಫೋಮ್ ಚಾಪೆಯಿದ್ದರೆ ಇನ್ನೂ ಲೇಸು.

ಇಷ್ಟೆಲ್ಲ ನಿರ್ಣಯವಾದ ಮೇಲೂ ರಾತ್ರಿ ಎರಡಕ್ಕೆ ಯಾರಾದರೊಬ್ಬರು ಎದ್ದು ಹೋಗಿ ಕಾರಿನಲ್ಲಿ ಮಲಗುತ್ತಾರೆ. ಸೀಟು ಎಷ್ಟು ಹಿಂದಕ್ಕೆ ಬಾಗುತ್ತದೆ ಎಂಬುದು ವಾಹನಮೀಮಾಂಸೆಗೆ ಸೇರಿದ್ದಾದ್ದರಿಂದ ಇಲ್ಲಿ ಎತ್ತಿಲ್ಲ.